ನಿಮಿಯಾ ಸಹಿ ಹಾಕಲಿಲ್ಲ

ರಾಜಧಾನಿ ಅಸುನ್ಸಿಯೋನಿನ ಒಂದು ತಾಂತ್ರಿಕ ಕಾಲೇಜಿನವರು ಮೊದಲ ಸಲ ಹೊರದೇಶಕ್ಕೆ ಇಮೇಲ್ ಕಳಿಸಿದ ದಿನ ಅದನ್ನು ನೋಡಲು ಮಂತ್ರಿಯೊಬ್ಬರು ಬಂದಿದ್ದರು. ಮರುದಿನದ ಪತ್ರಿಕೆಯಲ್ಲಿ ಫೋಟೊ ಬಂತು. ಅದರಲ್ಲಿ ಮಂತ್ರಿ ಇದ್ದಾರೆ, ಡೀನ್ ಇದ್ದಾರೆ, ಟೈ ಕಟ್ಟಿದ ಮೂವರು ಗಂಡಸರಿದ್ದಾರೆ. ಎಡಗಡೆಯ ಅಂಚಿನಲ್ಲಿ, ಮೇಜಿನ ಕೆಳಗಿನಿಂದ ಬಂದ ಒಂದು ಕೈ ಮೋಡೆಮ್ಮಿನ ತಂತಿಯನ್ನು ಒತ್ತಿ ಹಿಡಿದಿದೆ. ಆ ಕೈ ನಿಮಿಯಾ ಇನ್ಸ್‌ಫ್ರಾನ್‌ಳದು.

ತಂತಿ ಸಡಿಲವಿತ್ತು, ಬಿಟ್ಟರೆ ಸಂಪರ್ಕ ಕಡಿಯುತ್ತಿತ್ತು. “ಸೆನ್ಯೊರೀತಾ, ಮಂತ್ರಿಗಳು ಹೊರಡೋ ತನಕ ಅಲ್ಲೇ ಕೂತಿರಿ,” ಎಂದಿದ್ದರು ಡೀನ್. ನಾಲ್ಕು ತಿಂಗಳು ಆ ಯಂತ್ರದ ಕೀರಲು ದನಿಗೆ ಕಿವಿಗೊಟ್ಟು ಕೂತವಳು ಅವಳು. ದಿನಕ್ಕೆ ಮೂರು ಸಲ ಹೊರದೇಶದ ಕಂಪ್ಯೂಟರಿಗೆ ಫೋನು ಹಚ್ಚಿ, ಪತ್ರಗಳ ಕಟ್ಟನ್ನು ಆಚೆ ದಾಟಿಸಿ, ಬಂದದ್ದನ್ನು ಈಚೆ ಇಳಿಸಿಕೊಳ್ಳುವುದನ್ನು ಯಾರೂ ಹೇಳಿಕೊಡದೆ ಕಲಿತವಳು. ಟೈ ಕಟ್ಟಿದ ಮೂವರಲ್ಲಿ ಇಬ್ಬರಿಗೆ ಅದರ ಸ್ವಿಚ್ಚು ಯಾವ ಕಡೆ ಇದೆ ಎನ್ನುವುದೂ ಗೊತ್ತಿರಲಿಲ್ಲ. ಆ ಪತ್ರಿಕೆಯನ್ನು ನಿಮಿಯಾ ಎತ್ತಿಟ್ಟುಕೊಳ್ಳಲಿಲ್ಲ. ಅವಳ ಅಕ್ಕ ಬ್ಲಾಸಿದಾ ಮಾತ್ರ ಕತ್ತರಿಸಿಟ್ಟು, ಬಟ್ಟೆ ಹೊಲಿಸಿಕೊಳ್ಳಲು ಬಂದ ಹೆಂಗಸರಿಗೆಲ್ಲ ತೋರಿಸುತ್ತಿದ್ದಳು. “ನೋಡಿ, ಈ ಬೆರಳು ನಮ್ಮ ನಿಮಿಯಾದು. ಉಳಿದೋರು ಯಾರು ಅಂತ ನಂಗೊತ್ತಿಲ್ಲ.”

ಅಕ್ಕತಂಗಿಯರ ಊರು ಸಾಪುಕಾಯಿ. ಅಪ್ಪ ಅಲ್ಲಿನ ರೈಲ್ವೆಯಲ್ಲಿ ತಂತಿ ಸಂದೇಶ ಕಳಿಸುವ ಗುಮಾಸ್ತ. ಅವರು ತೀರಿಕೊಂಡ ಮೇಲೆ ಇಬ್ಬರೂ ರಾಜಧಾನಿಗೆ ಬಂದು ಸಾಹೊನಿಯಾ ಬಡಾವಣೆಯಲ್ಲಿ ನದಿಗೆ ನಾಲ್ಕು ಬೀದಿ ಈಚೆ ಒಂದು ಸಣ್ಣ ಮನೆ ಹಿಡಿದರು. ಬ್ಲಾಸಿದಾ ಹೊಲಿಗೆ ಯಂತ್ರದ ಮುಂದೆ ಕೂತಳು, ನಿಮಿಯಾ ಓದಿದಳು. ಮದುವೆ ಇಬ್ಬರಿಗೂ ಒದಗಿಬರಲಿಲ್ಲ. ಒದಗಿಸಿಕೊಳ್ಳುವ ಆತುರವೂ ಇಬ್ಬರಿಗೂ ಇರಲಿಲ್ಲ.

ಕಾಲೇಜಿನಿಂದ ನಿಮಿಯಾ ಗ್ರಾಮ ಜಾಲ ನಿಗಮಕ್ಕೆ ಹೋದಳು. ಹಳ್ಳಿಗಳಿಗೆ ಮೊದಲು ಫೋನು, ಆಮೇಲೆ ಇಂಟರ್ನೆಟ್ ಒಯ್ಯುವುದಕ್ಕೆಂದೇ ಹುಟ್ಟಿದ ಸರ್ಕಾರಿ ಸಂಸ್ಥೆ ಅದು. ಅಲ್ಲಿ ಅವಳು ಇಪ್ಪತ್ನಾಲ್ಕು ವರ್ಷ ದುಡಿದಳು. ಚಾಕೊದ ಮುಳ್ಳುಕಾಡಿನಲ್ಲಿ ಟವರು ನಿಲ್ಲಿಸಿದಳು. ಟವರಿನ ಬುಡದ ಕೋಣೆಗೆ ಹಾವು ನುಗ್ಗದಂತೆ ಬಾಗಿಲಿನ ಸಂದಿಗೆ ಸೀಮೆಎಣ್ಣೆ ಅದ್ದಿದ ಗೋಣಿ ತುರುಕುವುದನ್ನು ಕಲಿತಳು. ಯಾವ ಊರಿನ ಟವರಿನ ಬೀಗಕ್ಕೆ ತುಕ್ಕು ಹಿಡಿದಿದೆ, ಯಾವ ಊರಲ್ಲಿ ಕಾವಲುಗಾರನ ಹೆಂಡತಿ ಒಳಗೆ ಕೋಳಿ ಕೂಡಿಹಾಕುತ್ತಾಳೆ ಎಂಬುದೆಲ್ಲ ಅವಳ ತಲೆಯಲ್ಲಿತ್ತು. ಆದರೂ ಸಭೆ ಶುರುವಾಗುವ ಮುಂಚೆ ಯಾರಾದರೊಬ್ಬ ಹೊಸ ಅಧಿಕಾರಿ ಅವಳ ಕಡೆ ತಿರುಗಿ, “ಕಾಫಿ ಆಗಿದ್ಯೇನಮ್ಮಾ?” ಎಂದು ಕೇಳದೆ ಇರುತ್ತಿರಲಿಲ್ಲ. ಬಡ್ತಿಯ ಪಟ್ಟಿಯಲ್ಲಿ ಅವಳ ಹೆಸರು ಮೂರು ಸಲ ಮೇಲೆ ಬಂತು, ಮೂರು ಸಲವೂ ಕೆಳಗಿಳಿಯಿತು. ಮೇಲೆ ಹೋದವರ ಜೇಬಿನಲ್ಲಿ ಪಕ್ಷದ ಕಾರ್ಡಿತ್ತು. ಅವಳ ಜೇಬಿನಲ್ಲಿ ಸ್ಕ್ರೂಡ್ರೈವರ್ ಇತ್ತು.

ಹಾಗೆ ಮೇಲೆ ಹೋದವರಲ್ಲಿ ವಿಲ್ಫ್ರಿದೊ ಕಾಂತೆರೊ ಕೊನೆಯವನು. ಅವನು ಕೆಲಸಕ್ಕೆ ಸೇರಿದಾಗ ಕೇಬಲ್ಲಿನ ತುದಿ ಕತ್ತರಿಸಲೂ ಬರುತ್ತಿರಲಿಲ್ಲ. ನಿಮಿಯಾ ಅವನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ತಂತಿಗಳ ಬಣ್ಣದಿಂದ ಹಿಡಿದು ಎಲ್ಲವನ್ನೂ ಕಲಿಸಿದ್ದಳು. ಅವನು ಅವಳನ್ನು “ಪ್ರೊಫೆ” ಎಂದೇ ಕರೆಯುತ್ತಿದ್ದ, ಅಂದರೆ ಟೀಚರಮ್ಮ. ನಿರ್ದೇಶಕನಾದ ಮೇಲೂ ಹಾಗೇ ಕರೆದ. ಅವಳಿಗೆ ಐವತ್ತೇಳಾದಾಗ ತನ್ನ ಕೋಣೆಗೆ ಕರೆಸಿಕೊಂಡು, ಅದೇ ಮಾತಿನಿಂದ ಶುರುಮಾಡಿದ.

“ಪ್ರೊಫೆ, ನಿಗಮಾನ ಹೊಸದಾಗಿ ಕಟ್ತಾ ಇದೀವಿ. ನೀವು ಸ್ವಂತ ಇಷ್ಟದಿಂದ ನಿವೃತ್ತಿ ತಗೊಂಡ್ರೆ ಎಲ್ಲರಿಗೂ ಮರ್ಯಾದೆ.”

“ನಂಗೆ ಇಷ್ಟ ಇಲ್ವಲ್ಲ ವಿಲ್ಫ್ರಿದೊ.”

“ಇಷ್ಟ ಇಲ್ದಿದ್ರೂ ಕಾಗದದಲ್ಲಿ ಹಾಗೇ ಬರೀಬೇಕು ಪ್ರೊಫೆ.”

ಶುಕ್ರವಾರ ಕೇಕು ಕತ್ತರಿಸಿದರು. ಗಾಜಿನ ಫಲಕ ಕೊಟ್ಟರು, ಅದರಲ್ಲಿ ಅವಳ ಹೆಸರಿನ ಒಂದಕ್ಷರ ತಪ್ಪಿತ್ತು. ಸೋಮವಾರ ಅವಳ ಕೋಣೆಯಲ್ಲಿ ಪ್ರಚಾರ ವಿಭಾಗದವರು ಸೋಫಾ ಹಾಕಿಸಿದರು.

ಬೇರೆಯವರಾಗಿದ್ದರೆ ಎರಡು ದಿನ ಅತ್ತು ಸುಮ್ಮನಾಗುತ್ತಿದ್ದರೋ ಏನೋ. ನಿಮಿಯಾ ಸ್ವತಂತ್ರ ಸಲಹೆಗಾರ್ತಿ ಎಂದು ತೆರಿಗೆ ಕಚೇರಿಯಲ್ಲಿ ಹೆಸರು ಬರೆಸಿದಳು, ರಸೀದಿ ಪುಸ್ತಕ ಅಚ್ಚು ಹಾಕಿಸಿದಳು, ಅಕ್ಕನ ಹೊಲಿಗೆ ಕೋಣೆಯಲ್ಲಿ ಅರ್ಧ ಮೇಜು ಕಬಳಿಸಿದಳು.

“ಸಲಹೆಗಾರ್ತಿ ಅಂದ್ರೆ ಏನೇ?” ಬ್ಲಾಸಿದಾ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಕೇಳಿದಳು. “ಕೆಲಸ ಇಲ್ದೋಳು ಅನ್ನೋದಕ್ಕೆ ಚೆಂದದ ಹೆಸರಾ?”

“ಇಲ್ಲಕ್ಕಾ. ಬಾಸ್ ಇಲ್ದೋಳು ಅಂತ.”

“ಹಂಗಾದ್ರೆ ನಾನು ಮೂವತ್ತು ವರ್ಷದಿಂದ ಸಲಹೆಗಾರ್ತೀನೇ ಬಿಡು. ಆ ಕತ್ತರಿ ಈ ಕಡೆ ತಳ್ಳು.”

ಮೊದಲ ಎಂಟು ತಿಂಗಳು ಸಣ್ಣಪುಟ್ಟ ಕೆಲಸ ಬಂತು. ಒಂದು ಹೋಟೆಲು, ಸನ್ಯಾಸಿನಿಯರ ಒಂದು ಶಾಲೆ, ಕಬ್ಬಿಣದ ಸಾಮಾನಿನ ಒಂದು ಅಂಗಡಿ. ಆ ಅಂಗಡಿಯ ಯಜಮಾನ ಬಾಗಿಲಲ್ಲಿ ಅವಳನ್ನು ನೋಡಿ, ಅವಳ ಹಿಂದೆ ಬೀದಿಯನ್ನು ನೋಡಿ, “ಇಂಜಿನಿಯರ್ ಸಾಹೇಬ್ರು ಗಾಡಿ ನಿಲ್ಲಿಸ್ತಿದ್ದಾರಾ?” ಎಂದ. “ಗಾಡೀನೂ ಇಲ್ಲ, ಸಾಹೇಬ್ರೂ ಇಲ್ಲ. ಏಣಿ ಕೊಡಿ,” ಎಂದಳು ನಿಮಿಯಾ.

ಒಂಬತ್ತನೆಯ ತಿಂಗಳು ವಿಲ್ಫ್ರಿದೊ ಫೋನು ಮಾಡಿದ. ನಿಗಮವು ಪೂರ್ವದ ಎರಡು ಪ್ರಾಂತ್ಯಗಳಲ್ಲಿ ಮೂವತ್ತೆಂಟು ಹಳ್ಳಿ ಆರೋಗ್ಯ ಕೇಂದ್ರಗಳಿಗೆ ಇಂಟರ್ನೆಟ್ ಹಾಕಿಸಿತ್ತಂತೆ. ವೈದ್ಯರಿಲ್ಲದ ಕೇಂದ್ರದ ನರ್ಸು ರಾಜಧಾನಿಯ ವೈದ್ಯರನ್ನು ಪರದೆಯ ಮೇಲೆ ನೋಡಿ ಮಾತಾಡಬಹುದು, ರೋಗಿಯನ್ನು ತೋರಿಸಬಹುದು. ಸಾಲ ಕೊಟ್ಟ ವಿದೇಶಿ ಬ್ಯಾಂಕಿಗೆ ನಿಗಮದ ಹೊರಗಿನ ತಜ್ಞರೊಬ್ಬರ ಪ್ರಮಾಣಪತ್ರ ಬೇಕಿತ್ತು.

“ನಿಮ್ಮ ಹೆಸರು ಹೇಳಿದ ತಕ್ಷಣ ಒಪ್ಕೊಂಡ್ರು ಪ್ರೊಫೆ. ಫೋಟೊ ಎಲ್ಲಾ ಕಳಿಸ್ತೀನಿ. ನೋಡಿ, ಸಹಿ ಹಾಕಿ ಕಳಿಸಿಬಿಡಿ.”

ಫೋಟೊಗಳು ಬಂದವು. ಮೂವತ್ತೆಂಟು ಗೋಡೆ, ಮೂವತ್ತೆಂಟು ಬಿಳಿ ಪೆಟ್ಟಿಗೆ, ಪ್ರತಿಯೊಂದರ ಮೇಲೂ ಒಂದು ಹಸಿರು ದೀಪ. ನಿಮಿಯಾ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು. ಒಂದರಲ್ಲೂ ಪೆಟ್ಟಿಗೆಯ ಹಿಂಬದಿ ಕಾಣುತ್ತಿರಲಿಲ್ಲ. ಅವಳು ವಿಲ್ಫ್ರಿದೊಗೆ ತಿರುಗಿ ಫೋನು ಮಾಡಿ, ತಾನೇ ಹೋಗಿ ನೋಡುತ್ತೇನೆ ಎಂದಳು. ಅವನು ನಕ್ಕ.

“ಮೂವತ್ತೆಂಟೂನಾ? ಮಳೆ ಬಂದ್ರೆ ಮಣ್ಣಿನ ದಾರೀನೆಲ್ಲ ಅಡ್ಡಗಂಬ ಹಾಕಿ ಮುಚ್ತಾರೆ. ಈ ವಯಸ್ಸಲ್ಲಿ ಯಾಕೆ ತೊಂದ್ರೆ?”

“ನಿಂಗೆ ತೊಂದ್ರೆಯೋ ನಂಗೋ?”

ಅವಳು ದೊನ್ ಸಿಂದುಲ್ಫೊನನ್ನು ಕರೆದಳು. ನಿಗಮದ ಲಾರಿ ಓಡಿಸಿ ನಿವೃತ್ತನಾದ ಮನುಷ್ಯ. ಅವನ ಹಳೇ ಪಿಕಪ್ ಗಾಡಿಗೆ ಬಾಗಿಲು ಒಂದೇ ಕಡೆಯಿಂದ ತೆರೆಯುತ್ತಿತ್ತು, ಬ್ರೇಕು ಮಾತ್ರ ಚೆನ್ನಾಗಿತ್ತು. ತಣ್ಣನೆಯ ಎಲೆಪಾನೀಯ ತೆರೆರೆಗೆ ಮಂಜುಗಡ್ಡೆ ಹಾಕಿದ ನೀರಿನ ಜಗ್ಗು, ಎಲೆಪುಡಿ, ಕೊಂಬಿನ ಲೋಟ, ಒಂದು ಬುಟ್ಟಿ ಚಿಪಾ ರೊಟ್ಟಿ, ಏಣಿ, ಅಳತೆಯ ಉಪಕರಣ, ಇಷ್ಟನ್ನು ಹೇರಿಕೊಂಡು ಇಬ್ಬರೂ ಹೊರಟರು.

“ಎಂಜಿನಿಯರಮ್ಮಾ, ನೀವು ಆಫೀಸಲ್ಲಿದ್ದಾಗ್ಲೂ ಹಿಂಗೇ ಕುಣಿಸ್ತಿದ್ರಿ, ಈಗ್ಲೂ ಹಿಂಗೇ,” ಎಂದ ಸಿಂದುಲ್ಫೊ, ಮೊದಲ ಕೆಸರಿನ ಹೊಂಡದಲ್ಲೇ.

“ನೀನು ಆಗ್ಲೂ ಗೊಣಗ್ತಿದ್ದೆ, ಈಗ್ಲೂ ಗೊಣಗ್ತಿದ್ದೀಯ. ಬಲಗಡೆ ತಿರುಗಿಸು.”

ಮೊದಲ ಮೂರು ಕೇಂದ್ರ ಹೆದ್ದಾರಿಯ ಬದಿಗೇ ಇದ್ದವು. ಮೂರೂ ಕೆಲಸ ಮಾಡುತ್ತಿದ್ದವು. ಅತಿಥಿಗಳನ್ನು ಕರೆದೊಯ್ದು ತೋರಿಸುವ ಕೇಂದ್ರಗಳೆಂದರೆ ಅವೇ. ನಾಲ್ಕನೆಯದರಲ್ಲಿ ಬಾಗಿಲಿಗೆ ಬೀಗ. ಐದನೆಯದು ಕೊಸ್ತಾ ಗುವಾಸು, ಕೆಂಪು ಮಣ್ಣಿನ ದಾರಿಯ ಕೊನೆ. ಅಲ್ಲಿನ ನರ್ಸು ಸುನಿಲ್ದಾ ಫ್ರೆತೆಸ್, ನಲವತ್ತರ ಹೆಂಗಸು, ಅಂಗಳ ಗುಡಿಸುತ್ತಿದ್ದವಳು ಪೊರಕೆ ಬಿಟ್ಟು ಓಡಿಬಂದಳು. ಮೇಲಿನವರು ಬಂದರೆಂದು ಅವಳ ಮುಖ ಬಿಳಿಚಿಕೊಂಡಿತ್ತು.

ಒಳಗೆ ಗೋಡೆಯ ಮೇಲೆ ಪೆಟ್ಟಿಗೆ ಇತ್ತು. ಅದಕ್ಕೊಂದು ಕ್ರೋಶಾ ಹೆಣೆದ ಹೊದಿಕೆ ಹಾಕಿದ್ದಳು ಸುನಿಲ್ದಾ. ಹೊದಿಕೆಯ ತೂತಿನಿಂದ ಹಸಿರು ದೀಪ ಕಾಣುತ್ತಿತ್ತು.

“ದಿನಾ ಒರೆಸ್ತೀನಿ ಸೆನ್ಯೋರಾ. ಬಟ್ಟೇಲಿ ಮಾತ್ರ. ಮುಟ್ಟಬೇಡಿ ಅಂದಿದ್ರು, ಮುಟ್ಟಿಲ್ಲ.”

“ಬಳಸ್ತೀರಾ?”

ಸುನಿಲ್ದಾ ತಲೆ ತಗ್ಗಿಸಿದಳು. “ನಂಗೆ ಬರಲ್ಲ. ಹೇಳಿಕೊಡೋಕೆ ಬಂದೋರು ಅರ್ಧ ಗಂಟೇಲಿ ಮುಗಿಸಿ ಹೋದ್ರು. ಅವರಿದ್ದಾಗ ಬೇರೆ ಏನೋ ತೋರ್ಸಿದ್ರು, ಅವರ ಫೋನಲ್ಲಿ. ಆಮೇಲೆ ನಾನು ಎಷ್ಟು ಒತ್ತಿದ್ರೂ ಏನೂ ಬರ್ಲಿಲ್ಲ. ದೀಪ ಉರೀತಿದೆ, ಅಂದ್ರೆ ಅದು ಸರಿ ಇದೆ. ನಾನೇ ಸರಿಯಾಗಿ ಕಲೀಲಿಲ್ಲ.”

ನಿಮಿಯಾ ಏಣಿ ಹಾಕಿ ಚಾವಣಿಗೆ ಹತ್ತಿದಳು. ಆಂಟೆನಾದ ತಟ್ಟೆ ಇತ್ತು. ಅದರಿಂದ ಹೊರಟ ಕೇಬಲ್ಲು ಸೂರಿನವರೆಗೆ ಬಂದು ಅಲ್ಲೇ ಮುಗಿದಿತ್ತು. ತುದಿಗೆ ಕಪ್ಪು ಟೇಪು ಸುತ್ತಿ ಹಂಚಿನ ಕೆಳಗೆ ಸಿಕ್ಕಿಸಿದ್ದರು. ಇಳಿದು ಬಂದು ಪೆಟ್ಟಿಗೆಯ ನಾಲ್ಕು ಸ್ಕ್ರೂ ಬಿಚ್ಚಿದಳು. ಒಳಗೆ ಒಂದು ಪುಟ್ಟ ಟ್ರಾನ್ಸ್‌ಫಾರ್ಮರು, ಒಂದು ಹಸಿರು ಬಲ್ಬು. ಬೇರೇನೂ ಇಲ್ಲ. ಗೋಡೆಯ ಪ್ಲಗ್ಗಿನಿಂದ ಕರೆಂಟು ಬರುತ್ತಿತ್ತು, ಬಲ್ಬು ಉರಿಯುತ್ತಿತ್ತು, ಅಷ್ಟೇ.

ಮೂವತ್ತು ವರ್ಷದಲ್ಲಿ ಅವಳು ಕಳಪೆ ಕೆಲಸ ಬೇಕಾದಷ್ಟು ನೋಡಿದ್ದಳು. ಸೋಮಾರಿತನ ನೋಡಿದ್ದಳು, ಕಳ್ಳತನ ನೋಡಿದ್ದಳು. ಇದು ಬೇರೆ. ಯಾರೋ ಕೂತು ಯೋಚನೆ ಮಾಡಿ, ಬಲ್ಬು ತಂದು, ಬೆಸುಗೆ ಹಾಕಿ, ಸ್ಕ್ರೂ ಬಿಗಿದಿದ್ದರು. ಕೆಲಸ ಮಾಡುವುದಕ್ಕೆ ಬೇಕಾಗುವಷ್ಟೇ ಶ್ರಮವನ್ನು ಅದನ್ನು ಮಾಡದಿರುವುದಕ್ಕೆ ಹಾಕಿದ್ದರು.

“ಸುನಿಲ್ದಾ, ಇಲ್ಲಿ ಬನ್ನಿ. ನೋಡಿ. ಇದನ್ನ ನೀವಲ್ಲ, ದೇವರೇ ಬಂದ್ರೂ ಬಳಸೋಕಾಗಲ್ಲ. ಒಳಗೆ ಏನೂ ಇಲ್ಲ.”

ಸುನಿಲ್ದಾ ನೋಡಿದಳು. ಆಮೇಲೆ ಬೆಂಚಿನ ಮೇಲೆ ಕುಸಿದು ಕೂತು, ಬಾಯಿಗೆ ಸೆರಗಿನಂತೆ ಏಪ್ರನ್ನು ಒತ್ತಿಕೊಂಡು ಅಳತೊಡಗಿದಳು. ನಿಮಿಯಾಗೆ ಅರ್ಥವಾಗಲಿಲ್ಲ. ಸಿಂದುಲ್ಫೊ ಕೊಂಬಿನ ಲೋಟಕ್ಕೆ ನೀರು ಹೊಯ್ದು ಅವಳ ಕೈಗಿಟ್ಟ. ಕುಡಿದ ಮೇಲೆ ಅವಳು ಮೇಜಿನ ಖಾನೆಯಿಂದ ಒಂದು ಕಾಗದ ತೆಗೆದುಕೊಟ್ಟಳು.

ಪೆಟ್ಟಿಗೆ ಬಂದ ಎರಡು ತಿಂಗಳಿಗೆ ಊರಿನ ಒಬ್ಬ ಬಸುರಿ ಹೆಂಗಸಿಗೆ ದಿನ ತುಂಬುವ ಮುಂಚೆಯೇ ರಕ್ತ ಹೋಗತೊಡಗಿತ್ತು. ಸುನಿಲ್ದಾ ಮೊದಲು ಪೆಟ್ಟಿಗೆಯ ಮುಂದೆ ಕೂತು ಒದ್ದಾಡಿದಳು. ಆಮೇಲೆ ನೀರಿನ ಟ್ಯಾಂಕಿನ ಕಟ್ಟೆ ಹತ್ತಿ, ಅಲ್ಲಿ ಮಾತ್ರ ಸಿಗುವ ಸಿಗ್ನಲ್ಲಿಗಾಗಿ ಸ್ವಂತ ಫೋನನ್ನು ಎತ್ತಿ ಹಿಡಿದು ನಿಂತಳು. ಕರೆ ಹೋಗಲಿಲ್ಲ. ಟ್ರ್ಯಾಕ್ಟರಿನಲ್ಲಿ ಹಾಸಿಗೆ ಹಾಕಿ ಮೂವತ್ತು ಕಿಲೋಮೀಟರು ಕರೆದೊಯ್ದರು. ತಾಯಿ ಉಳಿದಳು, ಮಗು ಉಳಿಯಲಿಲ್ಲ. ಮೂರು ವಾರಕ್ಕೆ ಆರೋಗ್ಯ ಕಚೇರಿಯಿಂದ ಈ ಕಾಗದ ಬಂತು. “ಒದಗಿಸಲಾದ ದೂರವೈದ್ಯ ಸೌಲಭ್ಯವನ್ನು ಬಳಸದೆ ನಿರ್ಲಕ್ಷ್ಯ ತೋರಿದ್ದಕ್ಕಾಗಿ ತಮಗೆ ಎಚ್ಚರಿಕೆ ನೀಡಲಾಗಿದೆ.” ಕೆಳಗೆ ಮೊಹರು.

“ಆ ಹುಡುಗಿ ನಮ್ಮ ಬೀದಿಯೋಳೇ,” ಎಂದಳು ಸುನಿಲ್ದಾ. “ದಾರೀಲಿ ಸಿಕ್ಕಾಗೆಲ್ಲ ತಲೆ ತಗ್ಗಿಸ್ಕೊಂಡು ಹೋಗ್ತೀನಿ. ನಾನು ಕಲ್ತಿದ್ರೆ ಆ ಮಗು ಇರ್ತಿತ್ತು ಅಂತ.”

ಇಬ್ಬರೂ ಗಾಡಿಗೆ ಬಂದು ಕೂತರು. ಸಿಂದುಲ್ಫೊ ಕೀಲಿ ತಿರುಗಿಸುತ್ತಾ ಕೇಳಿದ.

“ಈಗ ಮನೆಗಾ ಎಂಜಿನಿಯರಮ್ಮಾ?”

“ಮನೆಗೆ ಯಾಕೆ? ಇನ್ನೂ ಮೂವತ್ಮೂರಿದೆ.”

ಐದು ವಾರ ತಿರುಗಿದರು. ಮಳೆಗೆ ದಾರಿ ಮುಚ್ಚಿದಾಗ ಅಡ್ಡಗಂಬದ ಈಚೆಗೆ ಎರಡೆರಡು ದಿನ ಗಾಡಿಯಲ್ಲೇ ಕಾದರು. ಬೀಗ ಹಾಕಿದ್ದ ನಾಲ್ಕನೆಯ ಕೇಂದ್ರಕ್ಕೂ ಹಿಂದಿರುಗಿ ಹೋದರು. ಮೂವತ್ತೆಂಟರಲ್ಲಿ ಹನ್ನೊಂದು ಕೆಲಸ ಮಾಡುತ್ತಿದ್ದವು. ಇಪ್ಪತ್ತೇಳು ಗೋಡೆಗಳ ಮೇಲೆ ಬರೀ ಬಲ್ಬು ಉರಿಯುತ್ತಿತ್ತು. ಹೆಚ್ಚುಕಡಿಮೆ ಎಲ್ಲ ಕಡೆಯೂ ನರ್ಸುಗಳು ಒಂದೇ ಮಾತು ಹೇಳಿದರು: ತಪ್ಪು ನಮ್ಮದೇ ಇರಬೇಕು, ನಮಗೆ ಬರಲ್ಲ. ಕದ್ದವರು ನೆಮ್ಮದಿಯಾಗಿದ್ದರು. ಕಳೆದುಕೊಂಡವರು ನಾಚಿಕೆಪಡುತ್ತಿದ್ದರು.

ಅವಳು ವರದಿ ಬರೆದಳು. ಬಳಸಿ ಬಳಸಿ ಬರೆಯುವುದು ಅವಳಿಗೆ ಎಂದೂ ಬಂದದ್ದಲ್ಲ. ಊರಿನ ಹೆಸರು, ತಾರೀಕು, ಪೆಟ್ಟಿಗೆ ಬಿಚ್ಚಿದಾಗ ಒಳಗೆ ಕಂಡದ್ದು, ಫೋಟೊ. ಪ್ರಮಾಣಪತ್ರದ ಕಾಗದವನ್ನು ಸಹಿ ಹಾಕದೆ ವರದಿಯ ಮೇಲಿಟ್ಟು ನಿಗಮಕ್ಕೆ ಕಳಿಸಿದಳು. ಒಂದು ಪ್ರತಿ ಬ್ಯಾಂಕಿಗೆ, ಒಂದು ಪ್ರತಿ ಸರ್ಕಾರದ ಲೆಕ್ಕ ತಪಾಸಣೆಯವರಿಗೆ.

ಮುಂದಿನ ಭಾನುವಾರ ಬೆಳಿಗ್ಗೆ ವಿಲ್ಫ್ರಿದೊ ಸಾಹೊನಿಯಾದ ಮನೆಗೆ ಬಂದ. ಮಾವಿನ ಮರದ ಕೆಳಗೆ ಬ್ಲಾಸಿದಾ ತೆರೆರೆ ಮಾಡಿಕೊಂಡು ಕೂತಿದ್ದಳು. ಕುರ್ಚಿ ತೋರಿಸಿದಳು, ಅವನು ಕೂತ.

“ಪ್ರೊಫೆ, ನಾನು ಜಗಳಕ್ಕೆ ಬಂದಿಲ್ಲ. ಇಪ್ಪತ್ತೇಳು ಕೇಂದ್ರ ‘ಹೊಂದಾಣಿಕೆಯ ಹಂತದಲ್ಲಿವೆ’ ಅಂತ ಒಂದು ಸಾಲು ಬದಲಾಯಿಸಿ. ಅಷ್ಟೇ.”

“ಡಬ್ಬಿ ಒಳಗೆ ಬಲ್ಬು ಇಡೋದು ಯಾವ ಹಂತ ವಿಲ್ಫ್ರಿದೊ?”

“ಅದು ಗುತ್ತಿಗೆದಾರನ ಕೆಲಸ. ನಂಗೇನು ಗೊತ್ತು?”

“ಗೊತ್ತಿರ್ಲಿಲ್ಲ ಅಂದ್ರೆ ಹೋಗಿ ನೋಡ್ಬೇಕಿತ್ತು. ಟವರು ಹತ್ತದೆ ವರದಿ ಬರೀಬೇಡ ಅಂತ ನಿಂಗೆ ಹೇಳಿಕೊಟ್ಟೋಳು ನಾನೇ.”

ಬ್ಲಾಸಿದಾ ಕೊಂಬಿನ ಲೋಟ ತುಂಬಿ ತಂಗಿಗೆ ಕೊಟ್ಟಳು. ಅವಳು ಹೀರಿ ವಾಪಸು ಕೊಟ್ಟಳು. ಮುಂದಿನ ಸರದಿ ಮನೆಗೆ ಬಂದವನದು. ಬ್ಲಾಸಿದಾ ಮತ್ತೆ ತುಂಬಿ, ಅವನ ಚಾಚಿದ ಕೈಯನ್ನು ನೋಡಿ, ತಾನೇ ಕುಡಿದಳು. ಮತ್ತೆ ತುಂಬಿ ತಂಗಿಗೆ ಕೊಟ್ಟಳು. ದಾರಿಹೋಕ ಮಾರಾಟಗಾರನನ್ನೂ ಕರೆದು ಕುಡಿಸುವ ಹೆಂಗಸು ಅವಳು. ವಿಲ್ಫ್ರಿದೊ ಕೈ ಹಿಂದಕ್ಕೆಳೆದುಕೊಂಡ. ಅವನ ಕಿವಿ ಕೆಂಪಾಯಿತು.

“ನಿಮಗೆ ಈ ಊರಲ್ಲಿ ಇನ್ಮೇಲೆ ಕೆಲಸ ಸಿಗಲ್ಲ ಪ್ರೊಫೆ. ಬೆದರಿಕೆ ಅಲ್ಲ, ಕಾಳಜಿಯಿಂದ ಹೇಳ್ತಿದೀನಿ.”

“ಬಾಗಿಲು ಆ ಕಡೆ ಇದೆ ಮಗಾ,” ಎಂದಳು ಬ್ಲಾಸಿದಾ. “ಹಂಗೇ ಗೇಟು ಎಳ್ಕೊಂಡು ಹೋಗು. ನಾಯಿ ಒಳಗೆ ಬರುತ್ತೆ.”

ಅವನು ಹೇಳಿದ್ದು ನಿಜವಾಯಿತು. ಹೋಟೆಲಿನವರು ಫೋನು ಎತ್ತುವುದನ್ನು ಬಿಟ್ಟರು. ಸನ್ಯಾಸಿನಿಯರ ಶಾಲೆಗೂ ಹೇಗೋ ಬೇರೊಬ್ಬ ಸಲಹೆಗಾರ ಸಿಕ್ಕಿದ. ಎರಡು ತಿಂಗಳಿಗೆ ಒಬ್ಬ ಇಂಜಿನಿಯರು, ರಾಜಧಾನಿ ಬಿಟ್ಟು ಕದಲದವನು, ಮೂವತ್ತೆಂಟಕ್ಕೂ ಸಹಿ ಹಾಕಿಕೊಟ್ಟ ಎಂಬ ಸುದ್ದಿ ಬಂತು. ಬ್ಯಾಂಕಿನವರು ಅದನ್ನು ಒಪ್ಪಿಕೊಂಡರು. ಲೆಕ್ಕ ತಪಾಸಣೆಯವರು ಅವಳ ಪತ್ರಕ್ಕೆ ಸ್ವೀಕೃತಿಯ ಮೊಹರು ಒತ್ತಿ ಸುಮ್ಮನಾದರು. ಆ ದಿನ ನಿಮಿಯಾ ಅಂಗಳದಲ್ಲಿ ನಿಂತು ಕಿರುಚಿದ್ದನ್ನು ಆಚೆ ಬೀದಿಯವರೂ ಕೇಳಿಸಿಕೊಂಡರು. “ಮೂವತ್ತೆಂಟೂ! ಒಂದು ಕೇಂದ್ರದ ಬಾಗಿಲು ನೋಡಿದ್ದಾನಾ ಅವ್ನು? ಒಂದು!”

“ಮೆಲ್ಲಗೆ ಕಣೇ. ರಕ್ತದೊತ್ತಡ,” ಎಂದಳು ಅಕ್ಕ.

“ಏರ್ಲಿ! ಇದಕ್ಕೆ ಏರದೆ ಇನ್ಯಾವುದಕ್ಕೆ ಏರ್ಬೇಕು?”

ಆದರೆ ಒಂದು ಕೆಲಸ ಇನ್ನೂ ಬಾಕಿಯಿತ್ತು, ಅದಕ್ಕೆ ಯಾರ ಅನುಮತಿಯೂ ಬೇಕಿರಲಿಲ್ಲ. ಕೊಸ್ತಾ ಗುವಾಸುವಿನಲ್ಲಿ ಕಂಡದ್ದನ್ನು ಒಂದು ಹಾಳೆಯಲ್ಲಿ ಬರೆದು, ಈ ಸಲ ಪೂರ್ತಿ ಹೆಸರಿನ ಸಹಿ ಹಾಕಿ, ಸುನಿಲ್ದಾಗೆ ಕೊಟ್ಟಳು. ಎಚ್ಚರಿಕೆಯನ್ನು ಹಿಂತೆಗೆದುಕೊಳ್ಳಬೇಕೆಂದು ಸುನಿಲ್ದಾ ಅರ್ಜಿ ಹಾಕಿದಳು. ಮೊದಲು ಅವಳು ಒಪ್ಪಿರಲಿಲ್ಲ. “ಸುಮ್ನಿದ್ರೆ ಕೆಲಸವಾದ್ರೂ ಉಳಿಯುತ್ತೆ ಸೆನ್ಯೋರಾ” ಎಂದಿದ್ದಳು. ಆಮೇಲೆ ಒಂದು ದಿನ, ಮಗು ಕಳೆದುಕೊಂಡ ಆ ಹುಡುಗಿಯ ಮನೆಗೆ ತಾನೇ ಹೋಗಿ ಪೆಟ್ಟಿಗೆಯೊಳಗೆ ಏನಿತ್ತೆಂದು ಹೇಳಿದಳಂತೆ. ಅಲ್ಲಿ ಏನು ಮಾತಾಯಿತೋ ನಿಮಿಯಾ ಕೇಳಲಿಲ್ಲ. ಮರುದಿನವೇ ಅರ್ಜಿ ಹೋಯಿತು.

ವಿಚಾರಣೆ ನಡೆದದ್ದು ಪ್ರಾಂತ್ಯದ ಆರೋಗ್ಯ ಕಚೇರಿಯ ಸಭಾಕೋಣೆಯಲ್ಲಿ. ಮೇಜಿನ ಆಚೆ ಮೂವರು ಅಧಿಕಾರಿಗಳು. ಸುನಿಲ್ದಾ ಇಸ್ತ್ರಿ ಮಾಡಿದ ಬಿಳಿ ಸಮವಸ್ತ್ರದಲ್ಲಿ, ಮಡಿಲಲ್ಲಿ ಗಂಟೊಂದನ್ನು ಇಟ್ಟುಕೊಂಡು ಕೂತಿದ್ದಳು. ಪೆಟ್ಟಿಗೆ ಅವಳ ಕೇಂದ್ರದ ಸಾಮಾನು ಪಟ್ಟಿಯಲ್ಲಿತ್ತು, ಅವಳೇ ಅದಕ್ಕೆ ಜವಾಬ್ದಾರಳು. ಆದ್ದರಿಂದ ಗೋಡೆಯಿಂದ ಬಿಚ್ಚಿ ಬಸ್ಸಿನಲ್ಲಿ ತಂದಿದ್ದಳು. ಕ್ರೋಶಾ ಹೊದಿಕೆಯ ಸಮೇತ.

ನಿಮಿಯಾ ಎದ್ದು ಅದನ್ನು ಮೇಜಿನ ಮೇಲಿಟ್ಟು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದಳು. ಹಸಿರು ದೀಪ ಹೊತ್ತಿತು.

“ಇದು ಕೆಲಸ ಮಾಡ್ತಿದೆಯಾ ಡಾಕ್ಟ್ರೇ?” ಎಂದು ನಡುವಿನ ಅಧಿಕಾರಿಯನ್ನು ಕೇಳಿದಳು.

“ದೀಪ ಉರೀತಿದೆಯಲ್ಲ. ಮಾಡ್ತಿರ್ಬೇಕು.”

“ನೀವೂ ಅದೇ ಅಂದ್ರಿ. ಇವರೂ ಅದೇ ಅಂದ್ಕೊಂಡಿದ್ರು. ಇವರಿಗೆ ಎಚ್ಚರಿಕೆ ಪತ್ರ ಬಂತು.” ಅವಳು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ನಾಲ್ಕೂ ಸ್ಕ್ರೂ ಬಿಚ್ಚಿ, ಪೆಟ್ಟಿಗೆಯನ್ನು ಅವರ ಕಡೆಗೆ ತಿರುಗಿಸಿದಳು.

ಮೂವರೂ ಬಗ್ಗಿ ನೋಡಿದರು. ಎಡಗಡೆಯವನು ಕೆಮ್ಮಿದ. “ಸರ್ಕಾರಿ ಸಾಮಾನನ್ನ ಯಾವ ಅಧಿಕಾರದ ಮೇಲೆ ಬಿಚ್ತಿದೀರಿ ನೀವು?”

ನಿಮಿಯಾಗೆ ತಡೆಯಲಾಗಲಿಲ್ಲ. “ಸರ್ಕಾರಿ ಸಾಮಾನಾ? ಯಾವ ಸಾಮಾನು ಸ್ವಾಮೀ? ಕ್ರಿಸ್‌ಮಸ್ ಗಿಡಕ್ಕೆ ಹಾಕೋ ಬಲ್ಬು ಇದು! ಈ ಬಲ್ಬಿನ ಮುಂದೆ ಕೂತು ಈ ಹೆಣ್ಣುಮಗಳು ಒಬ್ಬ ಬಸುರಿಗಾಗಿ ಒದ್ದಾಡಿದ್ಲು. ನೀವು ಒಂದು ಸಲ ಬಂದು ನೋಡ್ಲಿಲ್ಲ, ಒಂದು ಫೋನು ಮಾಡಿ ಕೇಳ್ಲಿಲ್ಲ. ಮೊಹರು ಒತ್ತಿ ಕಳಿಸಿದ್ರಿ, ತಪ್ಪು ನಿಂದು ಅಂತ. ಆರು ತಿಂಗಳು ಇವರು ಬೀದೀಲಿ ತಲೆ ತಗ್ಗಿಸ್ಕೊಂಡು ನಡೆದಿದ್ದಾರೆ. ತಗ್ಗಿಸಬೇಕಾದ ತಲೆ ಯಾವುದು ಅಂತ ನೀವೇ ಹೇಳಿ!”

ಸುನಿಲ್ದಾ ತಲೆ ಎತ್ತಿ ಮೂವರನ್ನೂ ಒಬ್ಬೊಬ್ಬರಾಗಿ ನೋಡುತ್ತಿದ್ದಳು.

ಹತ್ತು ದಿನಕ್ಕೆ ಪತ್ರ ಬಂತು. “ಪ್ರಕರಣದಲ್ಲಿ ಸ್ಪಷ್ಟತೆ ಇಲ್ಲದ ಕಾರಣ ಎಚ್ಚರಿಕೆಯನ್ನು ಕೈಬಿಡಲಾಗಿದೆ.” ಸುನಿಲ್ದಾ ಸಂತೋಷದಿಂದ ಟ್ಯಾಂಕಿನ ಕಟ್ಟೆ ಹತ್ತಿ ಫೋನು ಮಾಡಿ ಓದಿ ಹೇಳಿದಳು.

“ಸೆನ್ಯೋರಾ? ಕೇಳಿಸ್ತಾ?”

“ಸ್ಪಷ್ಟತೆ ಇಲ್ವಂತಾ?” ಎಂದಳು ನಿಮಿಯಾ. “ಡಬ್ಬಿ ಬಿಚ್ಚಿ ಮುಂದೆ ಇಟ್ಟಿದ್ವಲ್ಲ, ಇನ್ನೆಷ್ಟು ಸ್ಪಷ್ಟ ಬೇಕು? ಇದನ್ನ ತಗೋಬೇಡಿ. ವಾಪಸು ಕಳಿಸಿ. ‘ತಪ್ಪಿಲ್ಲ’ ಅಂತ ಬರೀಲಿ.”

“ಸಾಕು ಬಿಡಿ, ಮುಗೀತಲ್ಲ…”

“ನಿಮಗೆ ಸಾಕು ಅನ್ನಿಸಿದ್ರೆ ಸಾಕು, ಅದು ನಿಮ್ಮ ಕಾಗದ. ಆದ್ರೆ ತಪ್ಪು ನಿಮ್ಮದು ಅಂತ ಬರೆಯೋವಾಗ ಅವರಿಗೆ ಯಾವ ಅನುಮಾನಾನೂ ಇರ್ಲಿಲ್ಲ.”

ಸುನಿಲ್ದಾ ಎರಡು ದಿನ ಯೋಚಿಸಿ ಪತ್ರವನ್ನು ಹಿಂದಕ್ಕೆ ಕಳಿಸಿದಳು. ಮೂರು ತಿಂಗಳು ಓಡಾಟವಾಯಿತು. ಕೊನೆಗೆ ಬಂದ ಕಾಗದದಲ್ಲಿ ಒಂದೇ ಸಾಲು ಇತ್ತು: “ನರ್ಸ್ ಸುನಿಲ್ದಾ ಫ್ರೆತೆಸ್ ಅವರಿಂದ ಯಾವುದೇ ಕರ್ತವ್ಯಲೋಪ ಆಗಿರುವುದಿಲ್ಲ.” ಕ್ಷಮೆಯ ಮಾತು ಎಲ್ಲೂ ಇರಲಿಲ್ಲ. ಅವಳು ಅದಕ್ಕೆ ಗಾಜಿನ ಕಟ್ಟು ಹಾಕಿಸಿ, ಪೆಟ್ಟಿಗೆ ಇದ್ದ ಜಾಗದಲ್ಲೇ ಮೊಳೆ ಹೊಡೆದು ತೂಗುಹಾಕಿದಳು.

ಈ ಸುದ್ದಿ ನರ್ಸುಗಳ ಬಾಯಿಂದ ಬಾಯಿಗೆ ಹರಡಿತು. ಆ ಕಡೆಯ, ತೆರೆರೆಗೆ ಹಾಕುವ ಯೆರ್ಬಾ ಎಲೆಯ ಬೆಳೆಗಾರರ ಸಹಕಾರ ಸಂಘದವರು, ಎಲೆ ಒಣಗಿಸುವ ತಮ್ಮ ಕೊಟ್ಟಿಗೆಗಳ ನಡುವೆ ಸ್ವಂತ ಜಾಲ ಬೇಕಾಗಿದ್ದವರು, ರಾಜಧಾನಿಯ ಯಾವ ಕಂಪನಿಯನ್ನೂ ಕೇಳದೆ ಸೀದಾ ನಿಮಿಯಾಳನ್ನು ಕರೆಸಿದರು. ಅವಳು ಒಂದು ಷರತ್ತು ಹಾಕಿದಳು. ಜಾಲ ಹಾದುಹೋಗುವ ದಾರಿಯ ಆರೋಗ್ಯ ಕೇಂದ್ರಗಳಿಗೆ ಅದರಿಂದಲೇ ಸಂಪರ್ಕ ಕೊಡಬೇಕು. ಸಂಘದ ಅಧ್ಯಕ್ಷೆ, ದಪ್ಪ ಕೈಗಳ ರೈತ ಹೆಂಗಸು, ನಕ್ಕುಬಿಟ್ಟಳು. “ಅದಕ್ಕೇ ನಿಮ್ಮನ್ನ ಕರೆದಿದ್ದು. ಷರತ್ತಂತೆ!”

ಎರಡು ವರ್ಷದಲ್ಲಿ, ಬರೀ ಬಲ್ಬಿದ್ದ ಒಂಬತ್ತು ಕೇಂದ್ರಗಳಿಗೆ ಸಂಪರ್ಕ ಬಂತು. ಮೊದಲನೆಯದು ಕೊಸ್ತಾ ಗುವಾಸು. ಹೊಸ ಪೆಟ್ಟಿಗೆ ಕೂರಿಸಿದ ದಿನ ನಿಮಿಯಾ ಅದನ್ನು ಮುಚ್ಚುವ ಮುಂಚೆ ಸುನಿಲ್ದಾಳ ಕೈಗೆ ಕೊಟ್ಟು, ಒಳಗಿನ ಒಂದೊಂದು ಭಾಗದ ಹೆಸರು ಹೇಳಿಸಿ, ಅವಳ ಕೈಯಿಂದಲೇ ಸ್ಕ್ರೂ ಬಿಗಿಸಿದಳು. “ಮುಟ್ಟಬೇಡಿ ಅಂತ ಇನ್ಯಾರಾದ್ರೂ ಅಂದ್ರೆ ಅವತ್ತೇ ಬಿಚ್ಚಿ ನೋಡಿ,” ಎಂದಳು.

ವಿಲ್ಫ್ರಿದೊ ಈಗ ಮಂತ್ರಿಗಳೊಬ್ಬರ ಆಪ್ತ ಸಲಹೆಗಾರ. ಬಲ್ಬು ಹಾಕಿದ ಗುತ್ತಿಗೆದಾರ ಶಾಲೆಗಳ ಕೆಲಸ ಹಿಡಿದಿದ್ದಾನೆ. ಅದನ್ನು ಕೇಳಿದ ದಿನ ನಿಮಿಯಾ ಊಟ ಬಿಟ್ಟು ಎದ್ದಳು. ಅರವತ್ತೊಂದಾಯಿತು ಅವಳಿಗೆ, ಸಿಟ್ಟು ಒಂದು ಗುಲಗಂಜಿಯಷ್ಟೂ ಇಳಿದಿಲ್ಲ. ಉಳಿದ ಕೇಂದ್ರಗಳ ಹೆಸರನ್ನೆಲ್ಲ ಬರೆದ ಪತ್ರವನ್ನು ಪ್ರತಿ ತಿಂಗಳ ಮೊದಲ ಸೋಮವಾರ ತಾನೇ ನಿಗಮಕ್ಕೆ ಹೋಗಿ ಕೊಡುತ್ತಾಳೆ. ಪತ್ರ ತೆಗೆದುಕೊಳ್ಳುವ ಗುಮಾಸ್ತೆಗೆ ಈಗ ಅವಳ ಮುಖ ಪರಿಚಯವಾಗಿದೆ.

“ಈ ತಿಂಗಳೂ ಬಂದ್ರಾ ಸೆನ್ಯೋರಾ?” ಎನ್ನುತ್ತಾ ಅವಳು ಮೊಹರು ಎತ್ತಿಕೊಳ್ಳುತ್ತಾಳೆ. “ಎಷ್ಟು ಉಳಿದಿದೆ?”

“ಹದಿನೆಂಟು,” ಎನ್ನುತ್ತಾಳೆ ನಿಮಿಯಾ. “ಜೋರಾಗಿ ಒತ್ತಮ್ಮ, ಹೋದ ಸಲ ತಾರೀಕು ಸರಿಯಾಗಿ ಬಿದ್ದಿರಲಿಲ್ಲ.”